ಒಂದು ದಿನದ ಮಟ್ಟಿಗೆ

ನಿಮ್ಮಲ್ಲಿ ಐವತ್ತು ದಾಟಿದವರಿಗೆ ಒಂದು ಸದ್ದು ನೆನಪಿರಬಹುದು. ಊರ ಹೊರಗಿನ ತಿರುವಿನಲ್ಲಿ ಗಾಡಿ ಕಾಣಿಸುವ ಮೊದಲೇ ಅದರ ಎರಡು ಸೈಲೆನ್ಸರುಗಳ ದಪ್ಪ ದನಿ ಕೇಳಿಸುತ್ತಿತ್ತು. ಮನೆಯೊಳಗಿದ್ದವರು ‘ಯೆಜ್ಡಿ ಬಂತು’ ಎನ್ನುತ್ತಿದ್ದರು. ಬರುವವರು ಹಾಲಿನ ಸೊಸೈಟಿಯ ಕಾರ್ಯದರ್ಶಿಯೋ, ದನಗಳ ಡಾಕ್ಟರೋ, ಇಲ್ಲವೇ ನಮ್ಮಂಥ ಪಾದ್ರಿಗಳೋ ಆಗಿರುತ್ತಿದ್ದರು. ಅಂಥದೊಂದು ಯೆಜ್ಡಿ ಚಿತ್ರದುರ್ಗದ ನಮ್ಮ ಗುರುನಿವಾಸದಲ್ಲಿ ಇಂದಿಗೂ ಇದೆ. 2025ರ ಆರಂಭದಲ್ಲಿ ಅದರ ಸಿಲಿಂಡರ್ ಸವೆದು ರಿಪೇರಿಗೆ ಹೋಯಿತು. ಆ ರಿಪೇರಿಯ ಕಥೆಯನ್ನು ನಿಮಗೆ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಮುಂದೂಡಿದ್ದಕ್ಕೆ ಕಾರಣವಿದೆ. ಯಂತ್ರದ ಕಥೆಯಾದರೂ ಅದರೊಳಗೆ ನಾನು ಒಬ್ಬ ಹುಡುಗನಿಗೆ ಮಾಡಿದ ಅನ್ಯಾಯವೂ ಸೇರಿಕೊಂಡಿದೆ.

ಗಾಡಿಯ ಪೂರ್ವಾಪರವನ್ನು ಮೊದಲು ಹೇಳಿಬಿಡುತ್ತೇನೆ. ಜಾವಾ ಎಂಬುದು ಮೂಲತಃ ಚೆಕ್ ದೇಶದ ಹೆಸರು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ಈ ಹೆಸರನ್ನಿಟ್ಟ. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಂಪನಿ 1961ರಿಂದ ಅದನ್ನು ನಮ್ಮ ಮೈಸೂರಿನಲ್ಲೇ ತಯಾರಿಸತೊಡಗಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೊಂದು ಕಂಪನಿಯ ಮೂಲಕ ಮರಳಿ ಬಂದವಾದರೂ ಅವುಗಳ ಇಂಜಿನ್ ಬೇರೆ. ನಮ್ಮದು ಪೆಟ್ರೋಲಿನೊಡನೆ ಎಣ್ಣೆ ಬೆರೆಸಿ ಓಡಿಸಬೇಕಾದ ಹಳೆಯ ಎರಡು ಸ್ಟ್ರೋಕಿನ ಇಂಜಿನ್. ಒಂದೇ ಸಿಲಿಂಡರ್, ಅದರ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75 ಮಿಲಿಮೀಟರ್. ಕಿಕ್ ಹೊಡೆಯುವ ಸನ್ನೆಯನ್ನೇ ಮಡಚಿದರೆ ಅದು ಗೇರಿನ ಸನ್ನೆಯಾಗುತ್ತದೆ.

ಇದನ್ನು ನನಗೆ ಒಪ್ಪಿಸಿದವರು ಹಿಂದೆ ಈ ಭಾಗದಲ್ಲಿ ದುಡಿದ ಹಿರಿಯ ಗುರುಗಳೊಬ್ಬರು. ಕೀಲಿಕೈಯೊಂದಿಗೆ ಅವರು ಒಂದು ನೋಟ್‌ಬುಕ್ಕನ್ನೂ ಕೊಟ್ಟಿದ್ದರು. ಯಾವ ದಿನ ಪ್ಲಗ್ಗು ಬದಲಾಯಿತು, ಯಾವ ದಿನ ಸೈಲೆನ್ಸರಿನ ಮಸಿ ತೆಗೆಯಲಾಯಿತು, ಎಂದು ಏರ್ ಫಿಲ್ಟರ್ ಸ್ವಚ್ಛವಾಯಿತು ಎಂಬುದೆಲ್ಲ ಅವರ ಮುದ್ದಾದ ಅಕ್ಷರಗಳಲ್ಲಿತ್ತು. ಸಿಲಿಂಡರಿಗೆ ಎರಡು ಸಲ ಬೋರ್ ಹೊಡೆಸಿದ್ದನ್ನೂ, ಆಗ ಅದು 0.50 ಸೈಜಿಗೆ ಬಂದುದನ್ನೂ ಅವರು ಬರೆದಿಟ್ಟಿದ್ದರು. ‘ಸವೆದದ್ದನ್ನು ಕೆಟ್ಟಿತೆಂದು ಎಸೆಯಬೇಡ, ಏಕೆ ಸವೆಯಿತೆಂದು ನೋಡು’ ಎಂದು ಕೊಡುವಾಗ ಹೇಳಿದ್ದರು. ಅವರು ಈಗಿಲ್ಲ. ಅವರ ನೋಟ್‌ಬುಕ್ಕನ್ನು ನಾನು ಮೊದಲ ಎರಡು ವರ್ಷ ಶ್ರದ್ಧೆಯಿಂದ ಮುಂದುವರಿಸಿದೆ. ಆಮೇಲೆ ಪುಟಗಳು ಖಾಲಿ ಉಳಿದವು.

ಗಾಡಿಯ ಕೆಲಸವೇನೂ ಸುಲಭದ್ದಲ್ಲ. ಒಂದು ಕಡೆ ಹಿರಿಯೂರು, ಇನ್ನೊಂದು ಕಡೆ ಹೊಳಲ್ಕೆರೆ, ಅಲ್ಲಿಂದ ಮುಂದೆ ಹೊಸದುರ್ಗ. ಅಲ್ಲೊಂದು ಇಲ್ಲೊಂದು ಮನೆಯಂತೆ ಚದುರಿರುವ ನಮ್ಮ ಕುಟುಂಬಗಳನ್ನು ಕಾಣಲು ಹೆದ್ದಾರಿಯಿಂದ ಇಳಿದು ಮಣ್ಣಿನ ದಾರಿಗಳಲ್ಲಿ ಸಾಗಬೇಕು. ಚಿತ್ರದುರ್ಗದ ಗಾಳಿಯನ್ನು ಬಲ್ಲವರಿಗೆ ಇಲ್ಲಿಯ ಧೂಳಿನ ಪರಿಚಯವೂ ಇದ್ದೇ ಇರುತ್ತದೆ. ಜೋಗಿಮಟ್ಟಿಯ ಬೆಟ್ಟಗಳ ಮೇಲೆ ಗಾಳಿಯಂತ್ರಗಳ ರೆಕ್ಕೆ ತಿರುಗಿಸುವ ಅದೇ ಗಾಳಿ, ಕೆಳಗಿನ ಬಯಲಿನಲ್ಲಿ ಕೆಮ್ಮಣ್ಣನ್ನೂ ಅದಿರಿನ ಲಾರಿಗಳು ಎಬ್ಬಿಸಿದ ಪುಡಿಯನ್ನೂ ಎತ್ತಿ ಮುಖಕ್ಕೆ ಎರಚುತ್ತದೆ.

ಆ ಹುಡುಗ ನಮ್ಮ ಧರ್ಮಕೇಂದ್ರದವನೇ. ವಯಸ್ಸು ಇಪ್ಪತ್ತೊಂದು ಇರಬಹುದು. ಗಾನವೃಂದದಲ್ಲಿ ಹಾಡುತ್ತಿದ್ದ, ಶನಿವಾರ ಸಂಜೆ ಯಾರೂ ಹೇಳದೆಯೇ ಬಂದು ಗಾಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ. 2024ರ ಡಿಸೆಂಬರಿನಲ್ಲಿ ಕ್ರಿಸ್ಮಸ್ ಗೋದಲಿಗೆ ಬೇಕಾದ ಕೆಲವು ಸಾಮಾನುಗಳನ್ನು ಹೊಸದುರ್ಗದಿಂದ ತರಲು ಅವನ ಕೈಗೆ ಗಾಡಿ ಕೊಟ್ಟೆ. ಹೋದ, ತಂದ. ಪೆಟ್ರೋಲ್ ಹಾಕಿಸಿದ್ದಕ್ಕೆ ಚೀಟಿಯನ್ನೂ ಉಳಿದ ಚಿಲ್ಲರೆಯನ್ನೂ ಮೇಜಿನ ಮೇಲಿಟ್ಟು ಹೋದ.

ಜನವರಿಯಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿತ್ತು. ನಮ್ಮ ಜಿಲ್ಲೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಈ ಅಣೆಕಟ್ಟೆ ಪೂರ್ಣಗೊಂಡದ್ದು 1907ರಲ್ಲಿ. 130 ಅಡಿ ತುಂಬಿ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿಯಲು 89 ವರ್ಷ ಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಎರಡನೆಯ ಸಲ ಹರಿಯಿತು. ಮೂರನೆಯದೇ ಈ 2025ರ ಜನವರಿಯದು. ನೋಡಿ ಬರೋಣವೆಂದು ನಾನೂ ಹೊರಟೆ. ಹಿರಿಯೂರಿನ ತನಕ ಗಾಡಿ ಹೇಗೋ ಬಂತು. ಮುಂದಿನ ಸಣ್ಣ ಏರಿನಲ್ಲಿ ಎರಡನೆಯ ಗೇರಿಗೆ ಇಳಿಸಿದರೂ ಎಳೆಯಲಿಲ್ಲ. ನಿಲ್ಲಿಸಿ ಅರ್ಧ ಗಂಟೆಯ ನಂತರ ಕಿಕ್ ಹೊಡೆದರೆ ಹತ್ತಲಿಲ್ಲ. ಯಾರೋ ಇಬ್ಬರು ತಳ್ಳಿಕೊಟ್ಟರು. ಮರುದಿನ ಬೆಳಿಗ್ಗೆ ಗಾಡಿ ಶುರುವಾದಾಗ ಒಳಗಿನಿಂದ ‘ಟಕ ಟಕ’ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಆ ಸದ್ದು ಅಂದೇ ಹುಟ್ಟಿದ್ದಲ್ಲ. ಆದರೆ ದಿನವೂ ಕೇಳುವ ಕಿವಿಗೆ ಹೆಚ್ಚುತ್ತಾ ಹೋಗುವ ಸದ್ದು ಕೇಳಿಸುವುದಿಲ್ಲ. ಇದ್ದಕ್ಕಿದ್ದಂತೆ ಕೆಟ್ಟಿತೆಂದೇ ನಾನು ತಿಳಿದೆ. ಇದ್ದಕ್ಕಿದ್ದಂತೆ ಕೆಟ್ಟಿದ್ದರೆ ಯಾರೋ ಕೆಡಿಸಿರಬೇಕು. ನನ್ನ ಬಿಟ್ಟು ಅದನ್ನು ಓಡಿಸಿದವನು ಒಬ್ಬನೇ. ಭಾನುವಾರ ಬಲಿಪೂಜೆ ಮುಗಿದು ಜನ ಅಂಗಳದಲ್ಲಿ ನಿಂತಿದ್ದಾಗ ಅವನನ್ನು ಕರೆದು, ‘ಹೊಸದುರ್ಗಕ್ಕೆ ಹೋದಾಗ ಎಣ್ಣೆ ಹಾಕದೆ ಬರೀ ಪೆಟ್ರೋಲಿನಲ್ಲಿ ಓಡಿಸಿದ್ದೀಯ’ ಎಂದೆ. ‘ಇಲ್ಲ ಫಾದರ್, ಲೀಟರಿಗೆ ನಲವತ್ತು ಮಿಲಿ ಲೆಕ್ಕದಲ್ಲೇ ಹಾಕಿದ್ದೆ’ ಎಂದ. ‘ಸುಳ್ಳೊಂದು ಬೇರೆ’ ಎಂದುಬಿಟ್ಟೆ. ಅವನು ತಲೆ ತಗ್ಗಿಸಲಿಲ್ಲ. ನನ್ನನ್ನು ಒಮ್ಮೆ ನೋಡಿ ಹೊರಟುಹೋದ. ಮುಂದಿನ ಭಾನುವಾರ ಗಾನವೃಂದದಲ್ಲಿ ಅವನ ಜಾಗ ಖಾಲಿಯಿತ್ತು. ಶನಿವಾರದ ಸಂಜೆಯೂ ಅವನು ಬರಲಿಲ್ಲ.

ಫೆಬ್ರವರಿಯಲ್ಲಿ ಗಾಡಿಯನ್ನು ಊರೊಳಗಿನ ಹಳೆಯ ಮೇಸ್ತ್ರಿಯ ಬಳಿ ತಳ್ಳಿಸಿಕೊಂಡು ಹೋದೆ. ಯೆಜ್ಡಿ ರಿಪೇರಿಯಲ್ಲೇ ಕೈ ಪಳಗಿಸಿಕೊಂಡ ಮನುಷ್ಯ. ‘ಹುಡುಗನೊಬ್ಬ ಎಣ್ಣೆ ಹಾಕದೆ ಓಡಿಸಿದ್ದಾನೆ’ ಎಂದು ರೋಗದ ಹೆಸರನ್ನೂ ನಾನೇ ಹೇಳಿದೆ. ಅವರು ನಕ್ಕು, ‘ನೋಡೋಣ ತಡೀರಿ ಫಾದರ್, ಗಾಡೀನೇ ಹೇಳ್ತೈತೆ’ ಎಂದರು.

ಅವರು ನೋಡಿದ ಕ್ರಮವನ್ನು ನಿಮಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಇಂಜಿನನ್ನು ಬಿಚ್ಚಲೇ ಇಲ್ಲ. ಪ್ಲಗ್ಗು ತೆಗೆದು ಕಿಡಿ ನೋಡಿದರು. ಸೈಲೆನ್ಸರ್ ಕಳಚಿ ಹೊಗೆಯ ದಾರಿಯಲ್ಲಿ ಮಸಿ ಕಟ್ಟಿದೆಯೇ ಎಂದು ಬೆರಳಾಡಿಸಿದರು. ಕಾರ್ಬುರೇಟರಿನ ತಳ ಬಿಚ್ಚಿ ತೊಳೆದರು. ಎಳೆಯದ ಗಾಡಿಗೆಲ್ಲ ಸಿಲಿಂಡರೇ ಕಾರಣವಲ್ಲ, ಸುಲಭದ ಕಾರಣಗಳನ್ನು ಮೊದಲು ದಾಟಬೇಕು ಎಂಬುದು ಅವರ ಮಾತು. ಆಮೇಲೆ ಕಿಕ್ಕರನ್ನು ಕಾಲಿನಿಂದಲ್ಲ, ಕೈಯಿಂದ ಮೆಲ್ಲಗೆ ಒತ್ತಿದರು. ಗಟ್ಟಿ ಇಂಜಿನ್ ಆ ಒತ್ತಡವನ್ನು ಎದುರಿಸಿ ನಿಲ್ಲಬೇಕು. ನಮ್ಮದು ನಿಲ್ಲದೆ ಸಲೀಸಾಗಿ ಕೆಳಗಿಳಿಯಿತು. ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಣ್ಣೆ ಒಳಗೆ ಬಿಟ್ಟು ಮತ್ತೆ ಒತ್ತಿದರು. ಈಗ ಕಿಕ್ಕರ್ ಬಿಗಿಯಾಯಿತು. ಸಂದುಗಳನ್ನು ಎಣ್ಣೆ ಮುಚ್ಚಿದ ಕೂಡಲೇ ಒತ್ತಡ ಏರಿತೆಂದರೆ, ಅದು ಸೋರುತ್ತಿದ್ದದ್ದು ಪಿಸ್ಟನ್ನಿನ ಅಂಚಿನಲ್ಲೇ ಎಂದು ಅರ್ಥ. ‘ಬೆಳಿಗ್ಗೆ ತಣ್ಣಗಿದ್ದಾಗ ಟಕಟಕ ಅಂತೈತೆ, ಕಾದ ಮೇಲೆ ಕಮ್ಮಿ ಆಗ್ತೈತೆ, ಅಲ್ವಾ?’ ಎಂದು ಕೇಳಿದರು. ಹೌದೆಂದೆ. ಸಡಿಲವಾದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಬಡಿಯುವ ಸದ್ದು ಅದು. ಕಾದಾಗ ಪಿಸ್ಟನ್ ಹಿಗ್ಗಿ ಸಂದು ಕಿರಿದಾಗುವುದರಿಂದ ಸದ್ದು ತಗ್ಗುತ್ತದೆ.

ಮರುದಿನ ಇಂಜಿನಿನ ತಲೆ ಕಳಚಿದರು, ಸಿಲಿಂಡರನ್ನು ಮೇಲೆತ್ತಿದರು. ಎಣ್ಣೆಯಿಲ್ಲದೆ ಓಡಿದ ಇಂಜಿನ್ ಹೇಗಿರುತ್ತದೆಂದು ತೋರಿಸಲು ಮೂಲೆಯಲ್ಲಿ ಬಿದ್ದಿದ್ದ ಬೇರೊಂದು ಗಾಡಿಯ ಪಿಸ್ಟನ್ನನ್ನು ನನ್ನ ಕೈಗಿತ್ತರು. ಅದರ ಮೈಮೇಲೆ ಮೇಲಿಂದ ಕೆಳಕ್ಕೆ ಉಗುರಿನಿಂದ ಗೀರಿದಂಥ ಆಳವಾದ ಗೆರೆಗಳು, ಕರಗಿ ಮೆತ್ತಿಕೊಂಡ ಅಲ್ಯೂಮಿನಿಯಂ. ನಮ್ಮ ಪಿಸ್ಟನ್ನಿನಲ್ಲಿ ಅಂಥ ಒಂದು ಗೆರೆಯೂ ಇರಲಿಲ್ಲ. ಬದಲಾಗಿ, ಕಾರ್ಬುರೇಟರಿನ ಕಡೆಗಿರುವ ಅದರ ಬದಿ ಮರಳುಕಾಗದದಿಂದ ಉಜ್ಜಿದಂತೆ ಬೂದು ಬಣ್ಣಕ್ಕೆ ತಿರುಗಿತ್ತು. ರಿಂಗುಗಳು ತೆಳ್ಳಗಾಗಿದ್ದವು. ‘ಎಣ್ಣೆ ಸರಿಯಾಗೇ ಬಿದ್ದೈತೆ ಫಾದರ್. ಇದು ಒಂದು ದಿನದ ಕೆಲಸ ಅಲ್ಲ. ಎರಡು ಮೂರು ವರ್ಷ ಮಣ್ಣು ತಿಂದೈತೆ’ ಎಂದರು ಮೇಸ್ತ್ರಿ.

ನಾನು ಸುಮ್ಮನಿದ್ದೆ. ಅವರು ಅಳೆದು ತೋರಿಸಿದರು. ಹೊಸ ರಿಂಗೊಂದನ್ನು ಖಾಲಿ ಸಿಲಿಂಡರಿನೊಳಗೆ ಮೊದಲು ತೀರಾ ಕೆಳಗೆ, ಹಳೆಯ ರಿಂಗುಗಳು ಎಂದೂ ಉಜ್ಜದ ಜಾಗದಲ್ಲಿ ಸಮವಾಗಿ ಕೂರಿಸಿ, ಅದರ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜಿನ ತಗಡು ತೂರಿಸಿದರು: 0.30 ಮಿಲಿಮೀಟರ್. ಅದೇ ರಿಂಗನ್ನು ಮೇಲ್ತುದಿಯ ಹತ್ತಿರಕ್ಕೆ ತಂದು ಅಳೆದರು: 0.90. ವ್ಯತ್ಯಾಸ 0.60. ವೃತ್ತದ ಸುತ್ತಳತೆ ವ್ಯಾಸದ 3.14ರಷ್ಟು ಎಂದು ಶಾಲೆಯಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. 0.60ನ್ನು 3.14ರಿಂದ ಭಾಗಿಸಿದರೆ 0.19. ಅಂದರೆ ಮೇಲ್ಭಾಗದಲ್ಲಿ ಸಿಲಿಂಡರಿನ ವ್ಯಾಸ ಅಷ್ಟು ಹಿಗ್ಗಿತ್ತು. ಹೊಸ ಪಿಸ್ಟನ್ನಿಗೂ ಗೋಡೆಗೂ ಇರಬೇಕಾದ ಒಟ್ಟು ಸಡಿಲವೇ 0.10ಕ್ಕಿಂತ ಕಡಿಮೆಯೆಂದ ಮೇಲೆ ಇದು ಸಣ್ಣ ಅಳತೆಯಲ್ಲ.

ಸವೆತ ಮೇಲ್ತುದಿಯಲ್ಲೇ ಹೆಚ್ಚೇಕೆ ಎಂದು ಕೇಳಿದೆ. ಪಿಸ್ಟನ್ ಮೇಲೆ ಹೋಗಿ ಹಿಂದಿರುಗುವ ಆ ಜಾಗದಲ್ಲಿ ಅದು ಕ್ಷಣಮಾತ್ರ ನಿಲ್ಲುತ್ತದೆ. ಓಡುವಾಗ ನಡುವೆ ಉಳಿಯುವ ಎಣ್ಣೆಯ ಪೊರೆ ನಿಂತಾಗ ತೆಳುವಾಗುತ್ತದೆ. ಉರಿಯ ಶಾಖವೂ ಒತ್ತಡವೂ ಅಲ್ಲಿಯೇ ಅತಿ ಹೆಚ್ಚು. ಇಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದ್ದರೆ ಪಿಸ್ಟನ್ ಅಷ್ಟೇ ಸಲ ಆ ತುದಿ ಮುಟ್ಟುತ್ತದೆ. ಒಂದು ಸುತ್ತಿಗೆ 150 ಮಿಲಿಮೀಟರಿನಂತೆ ಲೆಕ್ಕ ಹಾಕಿದರೆ ಗಂಟೆಗೆ 36 ಕಿಲೋಮೀಟರ್ ದೂರವನ್ನು ಆ ಗೇಣುದ್ದದ ಕತ್ತಲಿನಲ್ಲೇ ಹೋಗಿ ಬಂದು ಮಾಡುತ್ತದೆ. ಅಂಥ ಜಾಗಕ್ಕೆ ಧೂಳು ನುಗ್ಗಿದರೆ ಏನಾದೀತು? ನಮ್ಮ ಮಣ್ಣಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಟ್ಟಿ. ಎಣ್ಣೆಯೊಡನೆ ಸೇರಿ ಅದು ಸಾಣೆಯ ಹಿಟ್ಟಾಗುತ್ತದೆ.

‘ಗಾಳಿ ಸೋಸೋ ಫಿಲ್ಟರ್ ಎಲ್ಲಿ ಫಾದರ್? ಡಬ್ಬ ಖಾಲಿ ಐತಲ್ಲ!’ ಎಂದು ಮೇಸ್ತ್ರಿ ಕೇಳಿದಾಗ ನನಗೆ ಥಟ್ಟನೆ ಏನೂ ಹೊಳೆಯಲಿಲ್ಲ. ಅದನ್ನೂ ಹುಡುಗನ ತಲೆಗೆ ಕಟ್ಟುವ ಯೋಚನೆ ಒಂದು ಗಳಿಗೆ ಬಂದಿತ್ತೆಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಗುರುನಿವಾಸಕ್ಕೆ ಮರಳಿ ಹಿಂಬದಿಯ ಕೋಣೆಯ ಗೂಡುಗಳನ್ನು ತಡಕಿದೆ. ಹಳೆಯ ಮೇಣದ ಬತ್ತಿಗಳ ಪೆಟ್ಟಿಗೆಯ ಹಿಂದೆ ವೃತ್ತಪತ್ರಿಕೆಯಲ್ಲಿ ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದೆ. ಒಳಗೆ ಫಿಲ್ಟರ್. ಪತ್ರಿಕೆಯ ಮುಖಪುಟದಲ್ಲಿ ವಾಣಿವಿಲಾಸ ಸಾಗರದ ಕೋಡಿಯ ಚಿತ್ರ. 2022ರ ಸೆಪ್ಟೆಂಬರ್ ತಿಂಗಳ ದಿನಾಂಕ.

ಎಲ್ಲವೂ ನೆನಪಾಯಿತು. ಆ ವರ್ಷವೂ ನಾನು ಕೋಡಿ ನೋಡಲು ಹೋಗಿದ್ದೆ. ಮಳೆ ಹಿಡಿದಿತ್ತು. ರಸ್ತೆಯ ಮೇಲೆ ನಿಂತ ನೀರಿನಲ್ಲಿ ಗಾಡಿ ದಾಟಿಸುವಾಗ ಫಿಲ್ಟರ್ ನೆನೆದು ಉಸಿರು ಕಟ್ಟಿದಂತಾಗಿ ಇಂಜಿನ್ ನಿಂತಿತು. ಅದನ್ನು ಕಿತ್ತು ತೆಗೆದೊಡನೆ ಗಾಡಿ ಹೊರಟಿತು. ‘ಒಂದು ದಿನದ ಮಟ್ಟಿಗೆ ತಾನೇ, ಒಣಗಿದ ಮೇಲೆ ಹಾಕಿದರಾಯಿತು’ ಎಂದುಕೊಂಡು ಕೈಯಲ್ಲಿದ್ದ ಪತ್ರಿಕೆಯಲ್ಲಿ ಸುತ್ತಿ ತಂದು ಗೂಡಿನಲ್ಲಿಟ್ಟೆ. ಫಿಲ್ಟರ್ ಇಲ್ಲದೆಯೂ ಗಾಡಿ ಓಡಿತು. ಸ್ವಲ್ಪ ಚುರುಕಾಗಿಯೇ ಓಡಿದಂತೆ ಅನ್ನಿಸಿತು. ಮರುದಿನ ಬೇರೆ ಕೆಲಸ ಬಂತು. ಮುಂದಿನ 2023 ಬರದ ವರ್ಷ. ಹೊಸದುರ್ಗದ ದಾರಿಯ ಧೂಳು ಕಣ್ಣಿಗೇ ಕಾಣುತ್ತಿತ್ತು. ನಾನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡಿದೆ. ಗಾಡಿಯ ಮೂಗು ತೆರೆದೇ ಇತ್ತು. ಹಿರಿಯ ಗುರುಗಳ ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ನಾನು ನಿಲ್ಲಿಸಿದ್ದೂ ಆ ಸುಮಾರಿಗೇ.

ಗುರುಮಠದಲ್ಲಿ ನಮಗೆ ಪ್ರತಿರಾತ್ರಿ ಆತ್ಮಶೋಧನೆ ಮಾಡಿಕೊಳ್ಳಲು ಕಲಿಸಿದ್ದರು. ಅದನ್ನು ನಾನು ಬಿಟ್ಟವನಲ್ಲ. ಆದರೆ ಆ ಸಂಜೆ ಗೂಡಿನ ಮುಂದೆ ನಿಂತಾಗ ಒಂದು ವಿಷಯ ಅರ್ಥವಾಯಿತು. ದಿನದ ಕೊನೆಗೆ ನಾನು ನೋಡಿಕೊಳ್ಳುತ್ತಿದ್ದದ್ದು ಆ ದಿನ ಮಾಡಿದ ತಪ್ಪುಗಳನ್ನು. ಎಂದೋ ತೆಗೆದಿಟ್ಟು ಮರೆತದ್ದು ಯಾವ ದಿನದ ಲೆಕ್ಕಕ್ಕೂ ಬಂದಿರಲಿಲ್ಲ. ಮೇಸ್ತ್ರಿ ಸಿಲಿಂಡರಿನ ಸವೆದ ಜಾಗವನ್ನು ಅದೇ ಸಿಲಿಂಡರಿನ ಸವೆಯದ ಜಾಗಕ್ಕೆ ಹೋಲಿಸಿ ಅಳೆದಿದ್ದರು. ಹಾಗೆ ಹಿಂದಿನ ನನ್ನನ್ನು, ನೋಟ್‌ಬುಕ್ಕು ಬರೆಯುತ್ತಿದ್ದ ನನ್ನನ್ನು, ಇಂದಿನ ನನ್ನ ಪಕ್ಕದಲ್ಲಿಟ್ಟು ನಾನೆಂದೂ ನೋಡಿರಲಿಲ್ಲ.

ಇನ್ನು ರಿಪೇರಿಯ ಮಾತು. ಸವೆದ ಸಿಲಿಂಡರಿಗೆ ಲೋಹ ತುಂಬಲಾಗದು. ಸವೆತದ ಆಳದಷ್ಟೂ ಸುತ್ತಲಿನ ಗೋಡೆಯನ್ನು ಕೊರೆದು, ಮತ್ತೆ ದುಂಡಗೆ ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕಬೇಕು. ಪಿಸ್ಟನ್ನುಗಳು 0.25 ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ದೊರೆಯುತ್ತವೆ: 0.25, 0.50, 0.75, 1.00. ನಮ್ಮದು ಆಗಲೇ 0.50ರಲ್ಲಿತ್ತು. ಅಂದರೆ 65.50 ಇದ್ದದ್ದು ಮೇಲ್ಭಾಗದಲ್ಲಿ 65.69 ಆಗಿತ್ತು. ಮುಂದಿನ ಮೆಟ್ಟಿಲು 65.75. ‘ಸುತ್ತ ಒಂದೇ ಸಮ ಸವೆದಿದ್ರೆ ಇದ್ರಲ್ಲೇ ಮುಗೀತೈತೆ, ಒಂದೇ ಕಡೆ ಸವೆದಿದ್ರೆ ಮುಗಿಯಾಕಿಲ್ಲ’ ಎಂದರು ಮೇಸ್ತ್ರಿ. ಲೇತ್ ಅಂಗಡಿಗೆ ನಾನೂ ಜೊತೆಗೆ ಹೋದೆ.

ಬೋರಿಂಗ್ ಯಂತ್ರದ ಅಲಗು ಒಳಗೆ ನಿಧಾನವಾಗಿ ತಿರುಗುತ್ತಾ ಇಳಿಯಿತು. ತಾಗಿದ ಕಡೆ ಲೋಹ ಬೆಳ್ಳಿಯಂತೆ ಹೊಳೆಯಿತು. 0.75ರ ಮಿತಿ ಹತ್ತಿರವಾದಾಗ ಯಂತ್ರ ನಿಲ್ಲಿಸಿ ದೀಪ ಹಿಡಿದು ನೋಡಿದೆವು. ಸುತ್ತಲೂ ಹೊಳಪಿತ್ತು, ಗಾಳಿ ಒಳಬರುವ ಕಡೆಯ ಗೋಡೆಯಲ್ಲಿ ಮಾತ್ರ ಹುಣಸೆ ಬೀಜದಷ್ಟು ಜಾಗ ಮಂಕಾಗಿಯೇ ಉಳಿದಿತ್ತು. ಅಲ್ಲಿಯ ತಗ್ಗಿಗೆ ಅಲಗು ತಾಗಿರಲಿಲ್ಲ. ಅಷ್ಟೇ ತಾನೇ, ಬಿಟ್ಟರಾಗದೇ ಎಂದೆ. ಲೇತಿನವರು ತಲೆಯಾಡಿಸಿದರು. ಆ ತಗ್ಗಿನಲ್ಲಿ ರಿಂಗು ಗೋಡೆಯನ್ನು ಮುಟ್ಟುವುದಿಲ್ಲ. ಉರಿ ಅಲ್ಲಿಂದಲೇ ನುಸುಳಿ ಹೊಸ ಪಿಸ್ಟನ್ನನ್ನೂ ಹಾಳುಮಾಡುತ್ತದೆ. ಹೀಗೆ ಒಂದು ಹುಣಸೆ ಬೀಜದಷ್ಟು ಕಲೆಗಾಗಿ ಇಡೀ ಸಿಲಿಂಡರನ್ನು 1.00ಕ್ಕೆ ಕೊರೆಯಬೇಕಾಯಿತು. ಅದೇ ಕೊನೆಯ ಸೈಜು. ಇನ್ನೊಮ್ಮೆ ಸವೆದರೆ ಒಳಗೆ ಹೊಸ ಕೊಳವೆ ಕೂರಿಸದೆ ಬೇರೆ ದಾರಿಯಿಲ್ಲ. ಹಿರಿಯ ಗುರುಗಳು ಮುಂದಿನವರಿಗೆಂದು ಉಳಿಸಿ ಕೊಟ್ಟ ಎರಡು ಮೆಟ್ಟಿಲುಗಳನ್ನು ನಾನು ಒಂದೇ ಸಲಕ್ಕೆ ದಾಟಿಬಿಟ್ಟೆ.

ಮುಂದಿನ ಕೆಲಸಗಳಲ್ಲಿ ಮೇಸ್ತ್ರಿಯ ತಾಳ್ಮೆಯನ್ನು ಕಂಡೆ. ಹೊಸ ಪಿಸ್ಟನ್ನನ್ನು ಮೊದಲು ತಂದು, ಅದರ ಬುಡವನ್ನು ಮೈಕ್ರೋಮೀಟರಿನಿಂದ ಅಳೆದು, ಅದಕ್ಕೆ ಬೇಕಾದ ಸಡಿಲವನ್ನು ಸೇರಿಸಿ ಕೊನೆಯ ಕೆಲವು ಎಳೆಗಳನ್ನು ಹೋನಿಂಗ್ ಕಲ್ಲಿನಿಂದ ಉಜ್ಜಿಸಿದರು. ಆ ಉಜ್ಜುವಿಕೆ ಗೋಡೆಯ ಮೇಲೆ ಒಂದಕ್ಕೊಂದು ಅಡ್ಡಹಾಯುವ ಸಣ್ಣ ಗೆರೆಗಳನ್ನು ಬಿಡುತ್ತದೆ. ಎಣ್ಣೆ ನಿಲ್ಲುವುದು ಅವುಗಳಲ್ಲೇ. ಎರಡು ಸ್ಟ್ರೋಕಿನ ಸಿಲಿಂಡರಿನ ಗೋಡೆಯಲ್ಲಿ ಗಾಳಿಗೂ ಹೊಗೆಗೂ ಕಿಂಡಿಗಳಿರುತ್ತವೆ. ಕೊರೆದಾಗ ಅವುಗಳ ಅಂಚು ಚೂರಿಯಂತೆ ಹರಿತವಾಗುವುದರಿಂದ, ರಿಂಗು ಸಿಕ್ಕಿ ಮುರಿಯದಂತೆ ಆ ಅಂಚುಗಳನ್ನು ಸಣ್ಣ ಅರದಿಂದ ಮೊಂಡು ಮಾಡಿದರು. ಕೊನೆಗೆ ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿನೀರು ಸಾಬೂನಿನಲ್ಲಿ ಮತ್ತೆ ಮತ್ತೆ ತಿಕ್ಕಿ, ಬಿಳಿಯ ಬಟ್ಟೆಯಿಂದ ಒರೆಸಿದರು. ಬಟ್ಟೆಗೆ ಬೂದು ಬಣ್ಣ ಹತ್ತುವವರೆಗೂ ಒಳಗೆ ಕಲ್ಲಿನ ಪುಡಿ ಇದೆಯೆಂದೇ ಅರ್ಥ. ನಾಲ್ಕನೆಯ ಬಟ್ಟೆ ಬಿಳಿಯಾಗಿಯೇ ಹೊರಬಂತು. ಇದೆಲ್ಲಕ್ಕೂ ಮೊದಲು ಅವರು ಮಾಡಿದ್ದು ಹೊಸ ಫಿಲ್ಟರನ್ನೂ ಬಿರುಕಿಲ್ಲದ ರಬ್ಬರ್ ಕೊಳವೆಯನ್ನೂ ತರಿಸಿದ್ದು. ‘ಮೊದ್ಲು ಧೂಳಿನ ದಾರಿ ಮುಚ್ಚಬೇಕು ಫಾದರ್. ಇಲ್ದಿದ್ರೆ ಬೋರ್ ಹೊಡ್ಸಿದ್ದು ದಂಡ’ ಎಂದರು.

ಆ ಮಾತು ನನ್ನ ಇನ್ನೊಂದು ರಿಪೇರಿಗೂ ಸಲ್ಲುತ್ತಿತ್ತು. ಹುಡುಗ ಹೊಳಲ್ಕೆರೆಯ ಕಡೆ ಅಡಿಕೆ ಸುಲಿಯುವಲ್ಲಿ ಕೆಲಸಕ್ಕಿದ್ದಾನೆಂದು ತಿಳಿಯಿತು. ಹಳೆಯ ಫಿಲ್ಟರನ್ನು ಅದೇ ಪತ್ರಿಕೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ. ಅವನು ಅಡಿಕೆ ಬೇಯಿಸುವ ಹಂಡೆಯ ಬಳಿ ಸೌದೆ ಒಟ್ಟುತ್ತಿದ್ದ. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳು ಬಾಯಿಗೆ ಬರಲಿಲ್ಲ. ಗಂಟನ್ನು ಅವನ ಕೈಗಿಟ್ಟು, ‘ಇದನ್ನು ತೆಗೆದವನು ನಾನು. ಹಾಕದೆ ಮರೆತವನೂ ನಾನು. ನೀನು ಎಣ್ಣೆ ಸರಿಯಾಗಿ ಹಾಕಿದ್ದೆ. ನಿನ್ನನ್ನು ಸುಳ್ಳನೆಂದೆ. ಕ್ಷಮಿಸು’ ಎಂದೆ. ಅವನು ಪತ್ರಿಕೆಯನ್ನು ಬಿಡಿಸಿ ದಿನಾಂಕ ಓದಿದ. ಫಿಲ್ಟರನ್ನು ತಿರುಗಿಸಿ ನೋಡಿದ. ಬಹಳ ಹೊತ್ತಿನ ಮೇಲೆ, ‘ಎಷ್ಟಕ್ಕೆ ಬೋರ್ ಆಯ್ತು ಫಾದರ್?’ ಎಂದು ಕೇಳಿದ. ಕೊನೆಯ ಸೈಜಿಗೆ ಎಂದೆ. ‘ಹಾಗಾದ್ರೆ ಮೆಲ್ಲಗೆ ಓಡ್ಸಿ’ ಎಂದ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಹೇಳೆಂದು ಕೇಳುವ ಹಕ್ಕು ನನಗಿರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಹೊಳೆದದ್ದು ಇಷ್ಟು: ಜನರ ಮುಂದೆ ಆಡಿದ ಮಾತನ್ನು ಒಬ್ಬನ ಕಿವಿಯಲ್ಲಿ ಹಿಂತೆಗೆದುಕೊಂಡರೆ ಅದು ಅರ್ಧ ರಿಪೇರಿ. ಆ ಹುಣಸೆ ಬೀಜದಷ್ಟು ಮಂಕು ಉಳಿದೇ ಇರುತ್ತದೆ. ಮುಂದಿನ ಭಾನುವಾರ ಅದೇ ಅಂಗಳದಲ್ಲಿ, ಅಂದು ನಿಂತಿದ್ದವರ ನಡುವೆಯೇ, ನಡೆದದ್ದನ್ನೆಲ್ಲ ಹೇಳಿದೆ. ಕೆಲವರಿಗೆ ಮುಜುಗರವಾಯಿತು. ‘ಒಂದು ಗಾಡಿಯ ವಿಷಯಕ್ಕೆ ಇಷ್ಟೇಕೆ ಸ್ವಾಮಿ’ ಎಂದು ಹಿರಿಯರೊಬ್ಬರು ಸಮಾಧಾನ ಹೇಳಿದರು. ಗಾಡಿಯ ವಿಷಯವಾಗಿದ್ದರೆ ಮೇಸ್ತ್ರಿಯ ಬಳಿಯೇ ಮುಗಿಯುತ್ತಿತ್ತು ಎಂದೆ.

ಹೊಸದಾಗಿ ಬೋರ್ ಹೊಡೆಸಿದ ಇಂಜಿನನ್ನು ಮೊದಲ 1,000 ಕಿಲೋಮೀಟರ್ ಪಳಗಿಸಬೇಕು. ಲೀಟರಿಗೆ 40ರ ಬದಲು 50 ಮಿಲಿಲೀಟರ್ ಎಣ್ಣೆ. ಏರಿನಲ್ಲಿ ದೊಡ್ಡ ಗೇರಿನಲ್ಲೇ ಎಳೆಸುವಂತಿಲ್ಲ, ಒಂದೇ ವೇಗದಲ್ಲಿ ಬಹಳ ದೂರ ಓಡಿಸುವಂತಿಲ್ಲ, ಕಾದರೆ ನಿಲ್ಲಿಸಬೇಕು. ರಿಂಗೂ ಗೋಡೆಯೂ ಒಂದನ್ನೊಂದು ಅರಿತು ಹೊಂದಿಕೊಳ್ಳಲು ಅಷ್ಟು ದೂರ ಬೇಕು. ಅವಸರಪಡಿಸಿದರೆ ಎಷ್ಟು ಚೆನ್ನಾಗಿ ಕೊರೆದಿದ್ದರೂ ಹಿಡಿದುಕೊಳ್ಳುತ್ತದೆ. ಆ ಹುಡುಗನ ವಿಷಯದಲ್ಲೂ ನಾನು ಅದನ್ನೇ ಪಾಲಿಸಿದೆ. ಕರೆಯಲು ಯಾರನ್ನೂ ಕಳುಹಿಸಲಿಲ್ಲ. ಗಾನವೃಂದದಲ್ಲಿ ಅವನ ಜಾಗಕ್ಕೆ ಬೇರೆಯವರನ್ನು ನಿಲ್ಲಿಸಲೂ ಇಲ್ಲ.

ಆ ವರ್ಷದ ಗರಿಗಳ ಭಾನುವಾರ ಅವನು ಬಂದ. ಹಾಡಲಿಲ್ಲ, ಹಿಂದೆ ನಿಂತಿದ್ದ. ಪೂಜೆ ಮುಗಿದ ಮೇಲೆ ನೋಡಿದರೆ ಗಾಡಿಯ ಪಕ್ಕ ಮಂಡಿಯೂರಿ ಫಿಲ್ಟರಿನ ಡಬ್ಬದ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದ. ನೋಡಿ, ಮುಚ್ಚಿ, ‘ಎಷ್ಟು ಓಡೈತೆ ಫಾದರ್?’ ಎಂದ. 650 ಎಂದೆ. ‘ಇನ್ನೂ ಮುನ್ನೂರ ಐವತ್ತು ಐತೆ’ ಎಂದು ಹೇಳಿ, ಕೈಯಲ್ಲಿದ್ದ ಗರಿಯನ್ನು ಹ್ಯಾಂಡಲಿಗೆ ಸಿಕ್ಕಿಸಿ ಹೋದ. ಅಂದು ರಾತ್ರಿ ಹಿರಿಯ ಗುರುಗಳ ನೋಟ್‌ಬುಕ್ಕನ್ನು ತೆಗೆದು, ಖಾಲಿ ಬಿದ್ದಿದ್ದ ಪುಟದಲ್ಲಿ ದಿನಾಂಕ ಹಾಕಿ, ‘ಫಿಲ್ಟರ್ ನೋಡಲಾಯಿತು’ ಎಂದು ಬರೆದೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಹಳೆಯ ಮೋಟಾರು ಸೈಕಲ್ ಇರಲಿಕ್ಕಿಲ್ಲ. ಆದರೆ ಒಂದು ದಿನದ ಮಟ್ಟಿಗೆಂದು ತೆಗೆದಿಟ್ಟದ್ದು ಏನಾದರೂ ಇದ್ದೀತು: ನಿಂತುಹೋದ ಒಂದು ಮಾತು, ಮುಂದೂಡಿದ ಒಂದು ಭೇಟಿ, ತಪ್ಪಿಸಿಕೊಂಡ ಒಂದು ಶಿಸ್ತು. ಅದಿಲ್ಲದೆಯೂ ದಿನಗಳು ಓಡುತ್ತವೆ; ಸ್ವಲ್ಪ ಚುರುಕಾಗಿಯೇ ಓಡುತ್ತಿವೆ ಎಂದೂ ಅನ್ನಿಸಬಹುದು. ಏನೋ ಬಡಿಯುವ ಸದ್ದು ಕೇಳಿ, ಇದು ಯಾರ ಕೆಲಸವೆಂದು ಇನ್ನೊಬ್ಬರತ್ತ ಬೆರಳು ತೋರುವ ಮುನ್ನ, ದಯವಿಟ್ಟು ನಿಮ್ಮ ಮನೆಯ ಗೂಡನ್ನು ಒಮ್ಮೆ ತಡಕಿ ನೋಡಿ.